ಸೋಪಜ್ಜಿಯ ಜಾಗ

ಮರ್ಯಾದಸ್ಥರ ಮುಂದೆ ಕಕ್ಕಸಿನ ಮಾತು ಎತ್ತಬಾರದಂತೆ. ಎತ್ತದೆ ಈ ಕಥೆ ಹೇಳಲು ಬರುವುದಿಲ್ಲ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಲಿ.

ಐದು ಮಹಡಿಯ ದೊಡ್ಡ ಆಸ್ಪತ್ರೆ. ಅದರ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಜಾಗ. ಐದೂ ಮಹಡಿಯಿಂದ ಗೋಡೆಯೊಳಗೆ ಒಂದು ತಗಡಿನ ಕೊಳವೆ ಕೆಳಗಿಳಿದಿದೆ. ಮೇಲೆ ದಾದಿಯರು ಅದರ ಬಾಯಿ ತೆಗೆದು ಕೊಳೆ ಬಟ್ಟೆಯ ಗಂಟು ನೂಕುತ್ತಾರೆ, ಬಾಯಿ ಮುಚ್ಚುತ್ತಾರೆ, ಕೈ ತೊಳೆಯುತ್ತಾರೆ. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಗಂಟು ಕೆಳಗೆ ಧಡ್ಡನೆ ಬೀಳುತ್ತದೆ. ಕೆಳಗೆ ಉದ್ದನೆಯ ತಗಡಿನ ಮೇಜು. ಮೇಜಿನ ಎರಡೂ ಬದಿಗೆ ಹನ್ನೆರಡು ಹೆಂಗಸರು. ಅವರು ಗಂಟು ಬಿಚ್ಚಬೇಕು. ರಕ್ತದ್ದು ಒಂದು ಕಡೆ, ಕೀವಿನದು ಒಂದು ಕಡೆ, ಉಚ್ಚೆ ಹೇಲಿನದು ಇನ್ನೊಂದು ಕಡೆ ಹಾಕಬೇಕು. ಯಂತ್ರಕ್ಕೆ ಹಾಕುವ ಮುಂಚೆ ಒಂದೊಂದು ಬಟ್ಟೆಯನ್ನೂ ಅಂಗೈಯಿಂದ ಸವರಿ ನೋಡಬೇಕು. ಒಳಗೆ ಸೂಜಿಯೋ ಕತ್ತರಿಯೋ ಉಳಿದಿದ್ದರೆ ಯಂತ್ರ ಕೆಡುತ್ತದೆ. ಕೈ ಕೆಟ್ಟರೆ? ಯಂತ್ರ ಆಸ್ಪತ್ರೆಯದು, ಕೈ ಅವರವರದು. ತಿಂಗಳಿಗೆ ಒಂದು ಜೊತೆ ಕೈಗವಸು ಕೊಡುತ್ತಾರೆ. ಹತ್ತು ದಿನಕ್ಕೆ ಅದು ಹರಿಯುತ್ತದೆ. ಉಳಿದ ಇಪ್ಪತ್ತು ದಿನ ಬರಿಗೈ.

ಆ ಮೇಜಿನ ಮುಂದೆ ಹದಿನಾರು ವರ್ಷ ನಿಂತವಳು ಉದ್ದಕ್ಕ. ಎಲ್ಲರಿಗಿಂತ ಒಂದು ಗೇಣು ಎತ್ತರ, ಅದಕ್ಕೇ ಆ ಹೆಸರು. ಮೇಜು ಮಾತ್ರ ಕುಳ್ಳು. ಬಗ್ಗಿ ಬಗ್ಗಿ ಅವಳ ಸೊಂಟ ಬಿದ್ದುಹೋಗಿತ್ತು. ಮನೆಗೆ ಹೋದರೆ ಮಗಳಿಂದ ಒಂದು ಮಾರು ದೂರ ಕೂರುತ್ತಿದ್ದಳು. ಎಷ್ಟು ಉಜ್ಜಿದರೂ ಬ್ಲೀಚಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಮೈ ಬಿಟ್ಟು ಹೋಗುತ್ತಿರಲಿಲ್ಲ. ಹದಿನೈದರ ಮಗಳು ಬಾಯಿಬಿಟ್ಟು ಒಂದು ದಿನವೂ ಏನೂ ಅಂದವಳಲ್ಲ. ಊಟಕ್ಕೆ ಕೂತಾಗ ಎದ್ದುಹೋಗಿ ಕಿಟಕಿ ತೆಗೆಯುತ್ತಿದ್ದಳು, ಅಷ್ಟೇ.

ಮೇಜಿನಲ್ಲಿ ಉದ್ದಕ್ಕನ ಎಡಕ್ಕೆ ನಿಲ್ಲುತ್ತಿದ್ದವಳು ಸೋಪಜ್ಜಿ. ಇಪ್ಪತ್ತೆರಡು ವರ್ಷದಿಂದ ಅದೇ ಜಾಗ. ಊರಿನ ಕೊಳೆಯೆಲ್ಲ ತೊಳೆಯುವ ಹೆಂಗಸರಿಗೆ ಕೈ ತೊಳೆಯಲು ಆಸ್ಪತ್ರೆ ಸೋಪು ಕೊಡುತ್ತಿರಲಿಲ್ಲ. ಅಜ್ಜಿ ತನ್ನ ಸೊಂಟದಲ್ಲಿ ಚಿಂದಿಯಲ್ಲಿ ಸುತ್ತಿದ ಒಂದು ಸೋಪಿನ ತುಂಡು ಇಟ್ಟುಕೊಂಡು ಬರುತ್ತಿದ್ದಳು. ಊಟದ ಹೊತ್ತಿಗೆ ಆ ತುಂಡು ಹನ್ನೆರಡು ಜೋಡಿ ಕೈ ಸುತ್ತಿ ಮತ್ತೆ ಅವಳ ಸೊಂಟಕ್ಕೆ ಸೇರುತ್ತಿತ್ತು. ಉದ್ದಕ್ಕನಿಗೆ ಕೆಲಸ ಕಲಿಸಿದವಳೂ ಅವಳೇ. ಸೂಜಿಯನ್ನು ಬೆರಳ ತುದಿಯಿಂದ ಹುಡುಕಬೇಡ, ಅಂಗೈಯ ಬುಡದಿಂದ ಹುಡುಕು, ಅಲ್ಲಿ ಚರ್ಮ ದಪ್ಪ, ಎಂದು ತೋರಿಸಿಕೊಟ್ಟಿದ್ದಳು.

ಅಜ್ಜಿಗೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಹೋಗಲೇಬೇಕು. ಮೇಜು ಬಿಟ್ಟು ಹೋದರೆ ಅವಳ ಪಾಲಿನ ಬಟ್ಟೆ ಗುಡ್ಡೆ ಬೀಳುತ್ತದೆ, ಮೇಲಿನವರ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಮೇಜಿನವರದೇ ಒಂದು ಪದ್ಧತಿ ಇತ್ತು. ಹೋಗಬೇಕಾದವಳು ತಗಡಿನ ಮೇಲೆ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದಳು. ಟಕ್, ಟಕ್. ಮಾತಿಲ್ಲ, ಕತೆಯಿಲ್ಲ. ಎಡದವಳು ಅರ್ಧ ಹೆಜ್ಜೆ, ಬಲದವಳು ಅರ್ಧ ಹೆಜ್ಜೆ ಸರಿದು ಆ ಜಾಗ ಮುಚ್ಚುತ್ತಿದ್ದರು. ನಾಲ್ಕು ಕೈ ಆರು ಕೈಯ ಕೆಲಸ ಮಾಡುತ್ತಿತ್ತು. ಅವಳು ಬಂದು ನಿಂತರೆ ಮತ್ತೆ ಹಿಂದಕ್ಕೆ ಸರಿಯುತ್ತಿದ್ದರು. ಹದಿನಾರು ವರ್ಷ ಅಜ್ಜಿಯ ಬಲಗಡೆ ಸರಿದವಳು ಉದ್ದಕ್ಕ, ಎಡಗಡೆ ಸರಿದವಳು ಗಟ್ಟಿಬಾಯಿ. ಗಟ್ಟಿಬಾಯಿ ಅಂದರೆ ಹೆಸರಿಗೆ ತಕ್ಕ ಹೆಂಗಸು. ಯಂತ್ರಗಳ ಸದ್ದಿನಲ್ಲೂ ಅವಳು ಪಿಸುಗುಟ್ಟಿದ್ದು ಬಾಯ್ಲರ್‌ ಹತ್ತಿರದವರೆಗೆ ಕೇಳುತ್ತಿತ್ತು.

ಒಂದು ದಿನ ಉದ್ದಕ್ಕನನ್ನು ಮೇಲಕ್ಕೆ ಕರೆದರು. ಹದಿನಾರು ವರ್ಷದಲ್ಲಿ ಮೊದಲ ಸಲ.

ಸಾಹೇಬ ಮೇಜಿನ ಆಚೆ ಕೂತಿದ್ದ. ಅವಳನ್ನು ಬಾಗಿಲ ಹತ್ತಿರವೇ ನಿಲ್ಲಿಸಿದ. "ಹೊರಗಿನಿಂದ ತಂದ ಸೂಪರ್‌ವೈಸರ್‌ಗಳು ಯಾರೂ ಆ ಕೆಳಗಡೆ ಮೂರು ತಿಂಗಳು ನಿಲ್ತಿಲ್ಲ. ನೀನಾದ್ರೆ ಅವರಲ್ಲೇ ಒಬ್ಬಳು. ಅವರ ಕಳ್ಳಾಟ ಎಲ್ಲಾ ನಿನಗೆ ಗೊತ್ತು. ನಾಳೆಯಿಂದ ನೀನೇ ಸೂಪರ್‌ವೈಸರ್" ಎಂದ.

ಕಳ್ಳಾಟ ಎಂಬ ಮಾತು ಅವಳ ಕಿವಿಗೆ ಬೀಳಲಿಲ್ಲವೆಂದಲ್ಲ. ಬಿತ್ತು. ಆದರೆ ಸೊಂಟ ನೋಯುತ್ತಿತ್ತು, ಕೈ ಸುಲಿದಿತ್ತು, ಸೂಪರ್‌ವೈಸರ್ ಎಂಬುದು ಅದಕ್ಕಿಂತ ಜೋರಾಗಿ ಕೇಳಿಸಿತು. ತಾನೇ ಇದ್ದರೆ ಕೈಗವಸನ್ನಾದರೂ ಸರಿಯಾಗಿ ಕೊಡಿಸಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ನನ್ನ ಜಾಗಕ್ಕೆ ಯಾರನ್ನ ಹಾಕ್ತೀರಿ ಸಾಹೇಬ್ರೇ?" ಎಂದು ಕೇಳಿದಳು.

"ಯಾಕೆ? ಇರೋರೇ ಮಾಡ್ಕೊಳ್ಲಿ."

ಸೂಪರ್‌ವೈಸರ್ ಎಂದರೆ ನೀಲಿ ಕೋಟು. ಹೀಗೆ ಅವಳ ಕೋಟಿನ ಭಾರ ಮೊದಲ ದಿನವೇ ಹನ್ನೊಂದು ಹೆಂಗಸರ ತಲೆಯ ಮೇಲೆ ಬಿತ್ತು. ಹನ್ನೆರಡು ಜನರ ಕೆಲಸ ಹನ್ನೊಂದು ಜನಕ್ಕೆ. ಇದು ಅವಳಿಗೆ ಹೊಳೆಯಲಿಲ್ಲ. ಕೋಟು ಹಾಕಿಕೊಂಡು ಮನೆಗೆ ಹೋದಳು. ಮಗಳು ಕೋಟಿನ ಗುಂಡಿ ಮುಟ್ಟಿ ಮುಟ್ಟಿ ನೋಡಿದಳು. ವಾರ ಕಳೆದ ಮೇಲೆ ಒಂದು ಸಂಜೆ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟು, "ಅಮ್ಮ, ನಿನ್ನ ಮೈ ಈಗ ಏನೂ ವಾಸನೆ ಬರ್ತಿಲ್ಲ" ಅಂದಳು. ಉದ್ದಕ್ಕ ಮಗಳ ತಲೆ ಸವರುತ್ತಾ ಕೂತಳು. ಕಾಲು ಜೋಮು ಹಿಡಿದರೂ ಅಲ್ಲಾಡಿಸಲಿಲ್ಲ.

ಕೆಳಗೆ ಮಾತ್ರ ಗಾಳಿಯೇ ಬದಲಾಗಿತ್ತು. ಅವಳು ಒಳಗೆ ಕಾಲಿಟ್ಟರೆ ಮಾತು ಕಡಿದುಬೀಳುತ್ತಿತ್ತು. ಉದ್ದಕ್ಕ ಎಂದು ಕರೆಯುತ್ತಿದ್ದ ಬಾಯಿಗಳು "ಮೇಡಂ" ಅನ್ನತೊಡಗಿದವು. ಅದರಲ್ಲೂ ಗಟ್ಟಿಬಾಯಿಯ ಮೇಡಂ ಕೇಳಬೇಕು. ಹಲ್ಲಿನ ಸಂದಿಯಿಂದ ಕಲ್ಲು ಉಗುಳಿದ ಹಾಗೆ.

"ಏ, ನಾನು ಕಣ್ರೇ. ನನಗೇನು ಮೇಡಂ?" ಎಂದು ಉದ್ದಕ್ಕ ನಗಲು ನೋಡಿದಳು.

"ಅಯ್ಯೋ, ಹಾಗಂದ್ರೆ ಹೇಗೆ ಮೇಡಂ? ಕೋಟಿಗೆ ಮರ್ಯಾದೆ ಕೊಡ್ಬೇಕಲ್ಲ" ಎಂದಳು ಗಟ್ಟಿಬಾಯಿ. ಯಾರೋ ಕಿಸಕ್ಕನೆ ನಕ್ಕರು. ಸೋಪಜ್ಜಿ ತಲೆಯೆತ್ತಲಿಲ್ಲ.

ಊಟದ ಹೊತ್ತಿಗೆ ತನ್ನ ಡಬ್ಬಿ ಹಿಡಿದು ಹೋದರೆ, ಬೆಂಚಿನ ಮೇಲೆ ಎಲ್ಲರೂ ಸ್ವಲ್ಪ ಸ್ವಲ್ಪ ಅಗಲವಾಗಿ ಕೂತಿದ್ದರು. ಜಾಗ ಇರಲಿಲ್ಲ. ಸರಿ, ಮೇಲೆ ಸೂಪರ್‌ವೈಸರ್‌ಗಳ ಕೋಣೆಗೆ ಹೋದಳು. ಅಲ್ಲಿ ಅಡುಗೆಮನೆಯವನು, ಕಾವಲಿನವನು, ಔಷಧಿ ಉಗ್ರಾಣದವಳು, ಹೀಗೆ ಐದು ಜನ. ಕುರ್ಚಿಯೂ ಐದು. ಉಗ್ರಾಣದವಳು ಇವಳನ್ನು ನೋಡಿ, "ನಿಮ್ಮೋರೆಲ್ಲ ಕೆಳಗಡೇನೇ ಊಟ ಮಾಡೋದಲ್ವಾ?" ಎಂದಳು. ದನಿಯೇನೋ ಮೆತ್ತಗಿತ್ತು. ಹಾಗೆನ್ನುತ್ತಲೇ ಎದ್ದು ಹೋಗಿ ಕಿಟಕಿ ತೆಗೆದಳು.

ಉದ್ದಕ್ಕ ಎರಡರ ನಡುವಿನ ಮೆಟ್ಟಿಲ ಮೇಲೆ ಕೂತು ಉಂಡಳು. ಹತ್ತುವವರು, ಇಳಿಯುವವರು ಅವಳ ಡಬ್ಬಿ ದಾಟಿಕೊಂಡು ಹೋದರು. ಅಂದಿನಿಂದ ಅದೇ ಅವಳ ಊಟದ ಜಾಗವಾಯಿತು.

ಮೊದಲ ವಾರದಲ್ಲೇ ಒಂದು ಎಡವಟ್ಟು ನಡೆಯಿತು. ಹತ್ತು ಗಂಟೆ ಹೊತ್ತಿಗೆ ಉದ್ದಕ್ಕ ಗೋಡೆಯ ಹತ್ತಿರ ಮಡಿಸಿದ ಬಟ್ಟೆ ನೋಡುತ್ತಿದ್ದಳು. ಸೋಪಜ್ಜಿ ತಗಡು ತಟ್ಟಿದಳು. ಟಕ್, ಟಕ್. ಉದ್ದಕ್ಕನ ತಲೆಗೆ ತಿಳಿಯುವ ಮುಂಚೆ ಕಾಲಿಗೆ ತಿಳಿಯಿತು. ಕೋಟು ಮರೆತುಹೋಯಿತು. ಸರಸರ ಬಂದು ತನ್ನ ಹಳೆಯ ಜಾಗದಲ್ಲಿ ನಿಂತು, ಅರ್ಧ ಹೆಜ್ಜೆ ಎಡಕ್ಕೆ ಸರಿದು, ಬಟ್ಟೆಗೆ ಕೈ ಹಾಕಿದಳು.

ಮೇಜು ಸ್ತಬ್ಧವಾಯಿತು. ಹೊರಟಿದ್ದ ಅಜ್ಜಿ ಅಲ್ಲೇ ನಿಂತಳು. ಹನ್ನೊಂದು ಮುಖಗಳೂ ಉದ್ದಕ್ಕನ ಕೈಯನ್ನೇ ನೋಡಿದವು.

"ಹಿಡಿದುಬಿಟ್ರಲ್ಲ ಮೇಡಂ" ಎಂದಳು ಗಟ್ಟಿಬಾಯಿ. "ತಟ್ಟಿದ ತಕ್ಷಣ ಓಡಿ ಬಂದ್ರಿ. ನೀವಿದ್ದಾಗ ನಮ್ಮ ಜೊತೆ ಮಾಡಿದ ಆಟ, ಈಗ ನಮ್ಮನ್ನೇ ಹಿಡಿಯೋಕೆ ಬಂತು."

"ಅಲ್ಲ ಕಣೇ, ನಾನು ಸುಮ್ನೆ..."

ಅಜ್ಜಿ ಮೆಲ್ಲಗೆ ತನ್ನ ಜಾಗಕ್ಕೆ ಬಂದು ನಿಂತು ಕೆಲಸ ಹಿಡಿದಳು. ಹೋಗಲಿಲ್ಲ. ಉದ್ದಕ್ಕ ಗೋಡೆಯ ಹತ್ತಿರಕ್ಕೆ ವಾಪಸು ಹೋದಳು. ಅಲ್ಲಿಂದಾಚೆ ಅವಳಿರುವಾಗ ಯಾರೂ ತಗಡು ತಟ್ಟಲಿಲ್ಲ.

ಹನ್ನೊಂದು ಜನ ಹನ್ನೆರಡು ಜನರ ಕೆಲಸ ಮಾಡಿದರೆ ಏನಾಗುತ್ತದೆ? ಕೆಲಸ ಹಿಂದೆ ಬೀಳುತ್ತದೆ. ಬಿತ್ತು. ಮೇಲೆ ಹಾಸಿಗೆಗೆ ಒಗೆದ ಬಟ್ಟೆ ತಡವಾಗಿ ಹೋಗತೊಡಗಿತು. ಸಾಹೇಬ ಒಬ್ಬಳನ್ನು ಕೆಲಸಕ್ಕೆ ಸೇರಿಸಿದನೇ? ಇಲ್ಲ. ಒಂದು ಬೀಗ ತಂದ.

ನೆಲಮಾಳಿಗೆಯ ಓಣಿಯ ಕೊನೆಯಲ್ಲಿ, ಬಾಯ್ಲರ್‌ ದಾಟಿದ ಮೇಲೆ, ಹೆಂಗಸರ ಕಕ್ಕಸು. ಇದ್ದದ್ದು ಒಂದೇ. ಅದಕ್ಕೆ ಬೀಗ ಬಿತ್ತು. ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಉದ್ದಕ್ಕನ ಕೈಗೆ ಕೊಟ್ಟರು, ಜೊತೆಗೆ ಒಂದು ಪುಸ್ತಕ. "ಒಬ್ಬೊಬ್ಬರಿಗೆ ದಿನಕ್ಕೆ ಎರಡೇ ಸಲ. ಹೆಸರು, ಹೋದ ಹೊತ್ತು, ಬಂದ ಹೊತ್ತು ಬರಿ" ಎಂದ ಸಾಹೇಬ.

"ಸಾಹೇಬ್ರೇ, ಹೆಂಗಸರು... ಒಬ್ಬೊಬ್ಬರ ಮೈ ಒಂದೊಂದು ಥರ ಇರುತ್ತೆ..."

"ಅದಕ್ಕೇ ನಿನ್ನ ಕೈಗೆ ಕೊಟ್ಟಿದ್ದು. ಬೇಡ ಅಂದ್ರೆ ಬೇರೆಯವರು ಇದ್ದಾರೆ."

ಆಗಲೇ ಒಲ್ಲೆ ಎನ್ನಬೇಕಿತ್ತು. ಅನ್ನಲಿಲ್ಲ. ಬೇರೆಯವರ ಕೈಯಲ್ಲಿರುವ ಬದಲು ನನ್ನ ಕೈಯಲ್ಲೇ ಇರಲಿ, ಕೇಳಿದವರಿಗೆಲ್ಲ ಕೊಟ್ಟರಾಯಿತು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇಂಥ ಸಮಾಧಾನ ಹೇಳಿಕೊಂಡೇ ಅಲ್ಲವೇ ನಮ್ಮವರು ನಮ್ಮವರಿಗೆ ಬೀಗ ಹಾಕುವುದು? ದಾರವನ್ನು ಕೊರಳಿಗೆ ಹಾಕಿಕೊಂಡಳು.

ಮೊಮ್ಮಕ್ಕಳನ್ನು ಕಂಡ ಹೆಂಗಸರು, ಬಸುರಿ ಹೆಂಗಸು, ತಿಂಗಳ ಹೊಟ್ಟೆನೋವಿನವರು, ಎಲ್ಲರೂ ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ಕೈಯೊಡ್ಡಬೇಕಾಯಿತು. ಕೈಯೊಡ್ಡುವಾಗ ಯಾರೂ ಅವಳ ಮುಖ ನೋಡುತ್ತಿರಲಿಲ್ಲ, ಕೊರಳಿನ ದಾರ ನೋಡುತ್ತಿದ್ದರು. ಉದ್ದಕ್ಕ ಮೂರನೇ ಸಲಕ್ಕೂ ಕೊಟ್ಟಳು, ನಾಲ್ಕನೇ ಸಲಕ್ಕೂ ಕೊಟ್ಟಳು. ಪುಸ್ತಕದಲ್ಲಿ ಮಾತ್ರ ಎರಡೇ ಬರೆದಳು. ಇಷ್ಟಾದರೂ ಯಾರೂ ಅವಳನ್ನು ಉದ್ದಕ್ಕ ಎಂದು ಕರೆಯಲಿಲ್ಲ. ಯಾಕೆ ಕರೆಯಬೇಕು? ಕೊಟ್ಟರೂ ಕೊಡದಿದ್ದರೂ ಕೈ ಅವಳದು ಮೇಲೆ, ಇವರದು ಕೆಳಗೆ.

ಓಣಿಯಲ್ಲಿ ಕ್ಯಾಮೆರಾ ಇತ್ತು. ಹತ್ತೇ ದಿನಕ್ಕೆ ಮೇಲಿಂದ ಕರೆ ಬಂತು.

"ನಿನ್ನ ಪುಸ್ತಕ ಒಂದು ಹೇಳುತ್ತೆ, ಕ್ಯಾಮೆರಾ ಒಂದು ಹೇಳುತ್ತೆ" ಎಂದ ಸಾಹೇಬ. "ಆ ಮುದುಕಿ ನಿನ್ನೆ ಆರು ಸಲ ಹೋಗಿದ್ದಾಳೆ. ಇನ್ನು ಯಾವತ್ತಾದ್ರೂ ದಿನದಲ್ಲಿ ಮೂರನೇ ಸಲ ಅವಳು ಆ ಓಣಿಯಲ್ಲಿ ಕಂಡ್ರೆ, ಅವಳು ಮನೆಗೆ. ಅವಳ ಕೆಲಸ ಈಗ ನಿನ್ನ ಕೈಯಲ್ಲಿದೆ, ನೋಡ್ಕೋ."

ಉದ್ದಕ್ಕ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡಳು. ಸೋಪಜ್ಜಿಗೆ ಈ ಕೆಲಸವೊಂದೇ ಆಸರೆ. ಮಗ ಸೊಸೆಯ ಮನೆಯಲ್ಲಿ ದುಡಿಯುವವರೆಗೆ ಒಂದು ಮೂಲೆ. ದುಡಿಯದಿದ್ದರೆ ಆ ಮೂಲೆಯೂ ಗ್ಯಾರಂಟಿ ಇಲ್ಲ. ಇದನ್ನು ಅಜ್ಜಿಗೆ ಹೇಳಬೇಕು ಅಂದುಕೊಂಡಳು. ಹೇಗೆ ಹೇಳುವುದು? ಮೂರನೇ ಸಲ ಉಚ್ಚೆಗೆ ಹೋದರೆ ನಿನ್ನ ಅನ್ನ ಹೋಗುತ್ತದೆ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ.

ಮರುದಿನ ಅಜ್ಜಿ ಎಂಟಕ್ಕೆ ಒಂದು ಸಲ ಹೋದಳು. ಹತ್ತಕ್ಕೆ ಇನ್ನೊಂದು ಸಲ ಹೋದಳು. ಹನ್ನೊಂದೂವರೆಗೆ ಬಂದು ಕೈಯೊಡ್ಡಿದಳು.

"ಸ್ವಲ್ಪ ತಡ್ಕೋ ಅಜ್ಜಿ" ಎಂದಳು ಉದ್ದಕ್ಕ. "ಊಟದ ಹೊತ್ತಿಂದು ಲೆಕ್ಕಕ್ಕೆ ಬರಲ್ಲ, ಆಗ ಕೊಡ್ತೀನಿ. ಮೇಲಿನೋರು ನೋಡ್ತಿದ್ದಾರೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅಜ್ಜಿ ಒಡ್ಡಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಬೇಡಲಿಲ್ಲ. ಬೈಯಲೂ ಇಲ್ಲ. ಹೋಗಿ ಮೇಜಿನ ಮುಂದೆ ನಿಂತಳು. ತೊಡೆ ಒತ್ತಿಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ಗಂಟು ಬಿಚ್ಚಿದಳು. ಉದ್ದಕ್ಕ ನೋಡುತ್ತಿದ್ದಳು. ಕೊರಳಿನ ದಾರ ಹಿಡಿದುಕೊಂಡೇ ನೋಡುತ್ತಿದ್ದಳು. ಈಗ ಕೊಡಲೇ? ಕೊಟ್ಟರೆ ಕೆಲಸ ಹೋಗುತ್ತದೆ. ಇನ್ನರ್ಧ ಗಂಟೆ. ಇನ್ನು ಇಪ್ಪತ್ತು ನಿಮಿಷ.

ಆಮೇಲೆ ಅಜ್ಜಿಯ ಕೈ ನಿಂತಿತು. ಮೇಜಿನ ಕೆಳಗೆ, ಅವಳ ಎರಡು ಪಾದಗಳ ನಡುವೆ, ಸಿಮೆಂಟಿನ ನೆಲ ಒದ್ದೆಯಾಗುತ್ತಾ ಹೋಯಿತು.

ಹೆಂಗಸರು ಅವಳ ಸುತ್ತ ಬಂದು ಬೆನ್ನು ಹೊರಗೆ ಮಾಡಿ ಗೋಡೆಯಂತೆ ನಿಂತರು. ಬಸುರಿ ಹೆಂಗಸು ಒಗೆದ ಬಟ್ಟೆಯೊಂದನ್ನು ತಂದು ಅಜ್ಜಿಯ ಸೊಂಟಕ್ಕೆ ಸುತ್ತಿದಳು. ಗಟ್ಟಿಬಾಯಿ ಉದ್ದಕ್ಕನ ಕಡೆ ತಿರುಗಿದಳು. ಈ ಸಲ ಅವಳ ದನಿ ಜೋರಿರಲಿಲ್ಲ.

"ಬರ್ಕೊಳ್ಳಿ ಮೇಡಂ. ಪುಸ್ತಕ ತೆಗೀರಿ. ಮೂರನೇ ಸಲ. ಹನ್ನೆರಡಕ್ಕೆ ಐದು ನಿಮಿಷ ಇದೆ. ಕೀ ಬೇಕಾಗಲಿಲ್ಲ ಅಂತ ಬರೀರಿ."

ಉದ್ದಕ್ಕ ಓಡಿಬಂದು ನೆಲಕ್ಕೆ ಕೂತು ಒರೆಸಲು ಹೋದಳು. ಅಜ್ಜಿ ಬಿಚ್ಚಿದ ಒದ್ದೆ ಸೀರೆಯನ್ನು ಕೈಗೆ ತೆಗೆದುಕೊಳ್ಳಲು ನೋಡಿದಳು. ಸೋಪಜ್ಜಿ ಅದನ್ನು ಬಿಡಲಿಲ್ಲ.

"ಬಿಡು" ಎಂದಳು. "ಇಪ್ಪತ್ತೆರಡು ವರ್ಷ ಯಾರ್ಯಾರದೋ ಒಗೆದೆ. ನನ್ನದು ನಾನೇ ಒಗೀತೀನಿ."

ತೊಟ್ಟಿಯ ಹತ್ತಿರ ಕೂತು ಸೊಂಟದ ಸೋಪು ತೆಗೆದು ಉಜ್ಜಿ ಉಜ್ಜಿ ಒಗೆದಳು. ಹಿಂಡಿದಳು. ಹಸಿ ಬಟ್ಟೆಯನ್ನೇ ಉಟ್ಟು, ಯಾರನ್ನೂ ನೋಡದೆ, ಮೆಟ್ಟಿಲು ಹತ್ತಿ ಹೊರಟುಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಸಂಜೆ ಉದ್ದಕ್ಕ ಅವಳ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆಯ ಮನೆ. ಸೊಸೆ ಬಾಗಿಲು ತೆಗೆದು, "ಒಳಗಿದ್ದಾರೆ, ಮಾತಾಡಲ್ಲ" ಎಂದು ಹೇಳಿ ಹೊರಗೆ ಹೋದಳು. ಅಜ್ಜಿ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕೆಲಸವಿಲ್ಲದ ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿದ್ದವು.

ಉದ್ದಕ್ಕ ಅವಳ ಕಾಲ ಹತ್ತಿರ ಕೂತಳು. "ಅಜ್ಜಿ, ಬೈದುಬಿಡು ನನ್ನ. ನಿನ್ನ ಕೆಲಸ ಉಳೀಲಿ ಅಂತ ಮಾಡಿದೆ. ಮೂರನೇ ಸಲ ಕಂಡ್ರೆ ನಿನ್ನ ತೆಗೀತೀನಿ ಅಂದಿದ್ರು. ನಿನ್ನಾಣೆ. ಬಾ ಅಜ್ಜಿ, ಬಂದುಬಿಡು."

ಅಜ್ಜಿ ಕೇಳಿದಳು. "ಕೋಪ ಏನಿಲ್ಲ ಕಣೇ. ಒಂದು ಕೇಳ್ತೀನಿ, ಹೇಳು. ಆವತ್ತು ನೀನು ಎಷ್ಟು ಸಲ ಹೋದೆ?"

ಸೂಪರ್‌ವೈಸರ್‌ಗಳಿಗೆ ಒಂದನೇ ಮಹಡಿಯಲ್ಲಿ ಬೇರೆ ಕಕ್ಕಸು. ಗೋಡೆಗೆ ಬಿಳಿ ಟೈಲು, ಕನ್ನಡಿ, ಸುಗಂಧದ ಸೋಪು. ಆವತ್ತು ಅವಳು ಎಷ್ಟು ಸಲ ಹೋಗಿದ್ದಳು? ಮೂರೋ, ನಾಲ್ಕೋ. ಎಣಿಸಿರಲಿಲ್ಲ. ಎಣಿಸಬೇಕಾದ ವಿಷಯ ಅದು ಎಂದು ಅವಳಿಗೆ ಅನ್ನಿಸಿರಲೇ ಇಲ್ಲ.

"ಗೊತ್ತಿಲ್ಲ ಅಜ್ಜಿ" ಎಂದಳು.

"ಹೂಂ" ಎಂದಳು ಅಜ್ಜಿ. "ಹೋಗು. ಮಗಳು ಕಾಯ್ತಿರುತ್ತೆ."

ದಾರಿಯುದ್ದಕ್ಕೂ ಉದ್ದಕ್ಕ ಅತ್ತಳು. ಬೀದಿಯ ಜನ ನೋಡಿದರೆ ನೋಡಲಿ ಎಂದು ಸೆರಗನ್ನೂ ಬಾಯಿಗೆ ಒತ್ತಿಕೊಳ್ಳದೆ ಅತ್ತಳು. ಆ ರಾತ್ರಿ ಮಗಳು ಪಕ್ಕದಲ್ಲಿ ಬಂದು ಮಲಗಿದರೆ, ವಾಸನೆಯಿಲ್ಲದ ತನ್ನ ಮೈಯ ಮೇಲೇ ಅವಳಿಗೆ ಹೇಸಿಗೆಯಾಯಿತು.

ಬೆಳಿಗ್ಗೆ ಕೆಲಸಕ್ಕೆ ಬಂದವಳು ನೆಟ್ಟಗೆ ಓಣಿಗೆ ಹೋದಳು. ಬೀಗ ತೆಗೆದಳು. ಬಾಗಿಲು ಹಾರು ಹೊಡೆದು ತೆರೆದಿಟ್ಟಳು. ಬೀಗ, ಬೀಗದ ಕೈ, ಪುಸ್ತಕ ಮೂರನ್ನೂ ಹಿಡಿದುಕೊಂಡು ಮೇಲೆ ಹೋದಳು. ಈ ಸಲ ಬಾಗಿಲ ಹತ್ತಿರ ನಿಲ್ಲಲಿಲ್ಲ. ಸಾಹೇಬನ ಎದುರಿನ ಕುರ್ಚಿಯ ಮೇಲೆ ಕೂತಳು. ಪುಸ್ತಕ ಬಿಚ್ಚಿದಳು. ಪೆನ್ನು ತೆಗೆದಳು.

"ಏನಿದು?" ಎಂದ ಸಾಹೇಬ.

"ಸಾಹೇಬ್ರೇ, ನಿಮ್ಮ ಹೆಸರು ಬರೀಬೇಕು. ಇವತ್ತು ಎಷ್ಟು ಸಲ ಹೋದ್ರಿ ಹೇಳಿ."

"ಎಲ್ಲಿಗೆ?"

"ಕಕ್ಕಸಿಗೆ."

ಅವನ ಮುಖ ಕಪ್ಪಿಟ್ಟಿತು. ಅವನ ಬೆನ್ನ ಹಿಂದೆಯೇ, ಕೋಣೆಯೊಳಗೇ, ಅವನೊಬ್ಬನಿಗೇ ಇದ್ದ ಕಕ್ಕಸಿನ ಬಾಗಿಲು ಅರ್ಧ ತೆರೆದಿತ್ತು.

"ತಲೆ ಕೆಟ್ಟಿದೆಯಾ ನಿನಗೆ?"

"ಹೋದ ಹೊತ್ತು, ಬಂದ ಹೊತ್ತು. ಎರಡೂ ಹೇಳಿ. ಎರಡು ಸಲಕ್ಕಿಂತ ಜಾಸ್ತಿ ಆದ್ರೆ ಮನೆಗೆ ಹೋಗ್ಬೇಕಾಗುತ್ತೆ." ಬೀಗವನ್ನು ಅವನ ಮುಂದೆ ಇಟ್ಟಳು. "ಒಬ್ಬಳು ಮುದುಕಿ ನಿಂತಲ್ಲೇ ಮಾಡ್ಕೊಂಡಳು ಸಾಹೇಬ್ರೇ. ನಿಮ್ಮ ಆಸ್ಪತ್ರೆಯ ಹೇಲು ಉಚ್ಚೆ ಇಪ್ಪತ್ತೆರಡು ವರ್ಷ ಬಳಿದವಳು. ನನ್ನ ಕೊರಳಲ್ಲಿ ಕೀ ಇತ್ತು. ನಾನು ಕೊಡಲಿಲ್ಲ. ಕೊಡದೇ ಇರೋ ಹಾಗೆ ನೀವು ಮಾಡಿದ್ರಿ. ತಗೊಳ್ಳಿ ನಿಮ್ಮ ಬೀಗ. ಇದನ್ನ ನಿಮ್ಮ ಬಾಗಿಲಿಗೆ ಹಾಕ್ಕೊಳ್ಳಿ. ನನ್ನ ಕೈಯಲ್ಲಿ ಇನ್ನು ಆಗಲ್ಲ."

ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಹತ್ತು ಜನ ಉಳಿಯುತ್ತಾರೆ, ಆ ಕೆಲಸಕ್ಕೆ ಹೊಸಬರು ಬರುವುದಿಲ್ಲ, ಅದು ಸಾಹೇಬನಿಗೂ ಗೊತ್ತು. "ಮೇಜಿಗೆ ಹೋಗು. ಅದೇ ನಿನ್ನ ಯೋಗ್ಯತೆ" ಎಂದ. ಹೋದಳು. ಸೋಪಜ್ಜಿಯ ಜಾಗ ಖಾಲಿಯಿತ್ತು. ಅಲ್ಲಿ ನಿಂತಳು. ಯಾರೂ ಬಾ ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ. ಅವಳಿಂದಾಗಿ ಖಾಲಿಯಾದ ಜಾಗವಲ್ಲವೇ ಅದು. ಊಟದ ಹೊತ್ತಿಗೆ ಡಬ್ಬಿ ಹಿಡಿದು ತಾನೇ ಮೆಟ್ಟಿಲಿಗೆ ಹೋದಳು. ಸಂಜೆ ಮನೆಗೆ ಹೋಗಿ ಮಗಳಿಂದ ಒಂದು ಮಾರು ದೂರ ಕೂತಳು.

"ಯಾಕಮ್ಮ ಅಲ್ಲಿ ಕೂತೆ?"

"ವಾಸನೆ ಬರುತ್ತೆ ಕಣೇ."

"ಬರ್ತಿದೆ" ಎಂದಳು ಮಗಳು. ಬಂದು ಪಕ್ಕದಲ್ಲಿ ಕೂತಳು. ಕಿಟಕಿ ಮುಚ್ಚಿಯೇ ಇತ್ತು.

ನಾಲ್ಕು ದಿನಕ್ಕೆ ಹೊಸ ಬೀಗ ಬಂತು. ನೀಲಿ ಕೋಟು ಹಾಕಿಕೊಂಡು, ಕೊರಳಲ್ಲಿ ದಾರ ಕಟ್ಟಿಕೊಂಡು ಗಟ್ಟಿಬಾಯಿ ಒಳಗೆ ಬಂದಳು. ಉದ್ದಕ್ಕನ ಅಳತೆಯ ಕೋಟು. ತೋಳು ಅವಳ ಬೆರಳು ಮುಚ್ಚಿತ್ತು. ಬೇಡ ಎಂದರೆ ನಾಳೆಯಿಂದ ಬರಬೇಡ ಅಂದರಂತೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ. ಏನು ಮಾಡುತ್ತಾಳೆ? ಅಷ್ಟು ದೊಡ್ಡ ಬಾಯಿಯ ಹೆಂಗಸು ಗೋಡೆಯ ಹತ್ತಿರ ತುಟಿ ಪಿಟಕ್ಕೆನ್ನದೆ ನಿಂತಿದ್ದಳು.

ಮೇಜಿನ ಆಚೆ ಬದಿಯಿಂದ ಒಬ್ಬಳು, "ಬಂದ್ರಪ್ಪ ಮೇಡಂ" ಎಂದಳು.

"ಅನ್ನಬೇಡ" ಎಂದಳು ಉದ್ದಕ್ಕ.

ಎಲ್ಲರೂ ಅವಳ ಕಡೆ ನೋಡಿದರು. ಅವಳು ಮೇಜಿಗೆ ವಾಪಸು ಬಂದ ಮೇಲೆ ಆಡಿದ ಮೊದಲ ಮಾತು ಅದು. "ಅವಳನ್ನ ಹಾಗೆ ಅನ್ನಬೇಡಿ. ನನ್ನನ್ನ ಅಂದ್ರಿ, ನಾನು ಮೆಟ್ಟಿಲ ಮೇಲೆ ಉಂಡೆ. ಮೇಲಿನೋರಿಗೆ ಅದೇ ಬೇಕಾಗಿತ್ತು. ಈಗ ಅವಳು. ನಾಳೆ ನೀನು."

ಉದ್ದಕ್ಕ ಗೆಣ್ಣು ಮಡಿಸಿ ತಗಡಿನ ಮೇಲೆ ತಟ್ಟಿದಳು. ಟಕ್, ಟಕ್.

ಗಟ್ಟಿಬಾಯಿಯ ಕಾಲು ಅವಳನ್ನು ಕೇಳದೆ ಹೊರಟಿತು. ಕೋಟಿನ ಸಮೇತ ಬಂದು ಎಡಗಡೆ ನಿಂತು, ಅರ್ಧ ಹೆಜ್ಜೆ ಸರಿದು, ಬಟ್ಟೆಗೆ ಕೈ ಹಾಕಿದಳು. ಆಮೇಲೆ ತಾನೇನು ಮಾಡಿದೆ ಎಂದು ತಿಳಿದು ಅವಳ ಮುಖ ಬಿಳಿಚಿಕೊಂಡಿತು. ಈ ಸಲ ಯಾವ ಕೈಯೂ ನಿಲ್ಲಲಿಲ್ಲ. ಯಾರೂ "ಹಿಡಿದುಬಿಟ್ರಲ್ಲ" ಎನ್ನಲಿಲ್ಲ.

ಉದ್ದಕ್ಕ ಓಣಿಗೆ ಹೋದಳು. ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು, ಕ್ಯಾಮೆರಾದ ಕಣ್ಣಿಗೆ ನೆಟ್ಟಗೆ ಕಾಣುವಂತೆ ನಿಂತಳು. ಒಳಗಿನಿಂದ ಮತ್ತೆ ತಗಡಿನ ಸದ್ದು ಬಂತು. ಬಸುರಿ ಹೆಂಗಸು ಬಂದು ಅವಳ ಪಕ್ಕ ನಿಂತಳು. ಮತ್ತೆ ಟಕ್, ಟಕ್. ಇನ್ನೊಬ್ಬಳು. ಒಬ್ಬೊಬ್ಬರಾಗಿ ಬಂದರು. ಜಾಗ ಮುಚ್ಚಲು ಉಳಿದವರು ಕಡಿಮೆಯಾಗುತ್ತಾ ಹೋದರು. ಕೊನೆಗೆ ಗಟ್ಟಿಬಾಯಿ ಒಬ್ಬಳೇ ಮೇಜಿನ ಮುಂದೆ ಉಳಿದಳು. ಮೇಲಿನಿಂದ ಒಂದು ಗಂಟು ಬಿತ್ತು. ಅವಳು ಅದನ್ನು ನೋಡಿದಳು. ಮುಟ್ಟಲಿಲ್ಲ. ಕೇಳುವವರು ಯಾರೂ ಇಲ್ಲದಿದ್ದರೂ ತಗಡನ್ನು ಎರಡು ಸಲ ತಟ್ಟಿ ಓಣಿಗೆ ಬಂದಳು.

"ತೆಗೀಲಾ?" ಎಂದು ಕೊರಳಿನ ದಾರ ಹಿಡಿದು ಕೇಳಿದಳು.

"ಬೇಡ" ಎಂದಳು ಉದ್ದಕ್ಕ. "ಹಾಕಿದೋರೇ ಬಂದು ತೆಗೀಲಿ."

ಮೂರು ಗಂಟೆ ನಿಂತರು. ಗಂಟುಗಳು ಬೀಳುತ್ತಲೇ ಇದ್ದವು. ಮೇಜು ತುಂಬಿತು, ನೆಲ ತುಂಬಿತು, ಕೊಳವೆಯ ಬಾಯಿ ಕಟ್ಟಿತು. ಕೊಳವೆ ಕೆಳಗಿನಿಂದ ತುಂಬುತ್ತಾ ಹೋಗಿ, ಒಂದನೇ ಮಹಡಿಯಲ್ಲಿ ಸಾಹೇಬನ ಕೋಣೆಯ ಹೊರಗೆ ರಕ್ತದ ಬಟ್ಟೆ ಹೊರಚೆಲ್ಲಿತು. ರೋಗಿಗಳಿಗೆ ತೊಂದರೆ ಆಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆಯಿತು. ಆ ಹೆಂಗಸರಿಗೂ ಅದು ಗೊತ್ತಿತ್ತು, ಅದಕ್ಕೇ ಯಾರೊಬ್ಬರೂ ನಗಲಿಲ್ಲ. ಇಪ್ಪತ್ತೆರಡು ವರ್ಷದ ತೊಂದರೆ ಯಾರ ಕಣ್ಣಿಗೂ ಬೀಳದೆ ಮೂರು ಗಂಟೆಯದು ಮಾತ್ರ ಬಿದ್ದರೆ ತಪ್ಪು ಯಾರದು?

ಸಾಹೇಬ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೆಳಗಿಳಿದು ಬಂದ. ಕೂಗಾಡಿದ. ಹೆದರಿಸಿದ. ಹನ್ನೊಂದು ಹೆಂಗಸರು ಗೋಡೆಗೊರಗಿ ನಿಂತೇ ಇದ್ದರು. ಗಟ್ಟಿಬಾಯಿ ದಾರ ತೆಗೆದು ಅವನ ಕೈಗೆ ಕೊಟ್ಟಳು. "ನೀವೇ ತೆಗೀರಿ ಸಾರ್" ಎಂದಳು. ಅವಳ ಹಳೆಯ ದನಿ ವಾಪಸು ಬಂದಿತ್ತು, ಬಾಯ್ಲರ್‌ ಆಚೆಯವರೆಗೂ ಕೇಳಿಸಿತು. ಅವನು ತನ್ನ ಕೈಯಿಂದಲೇ ಬೀಗ ತೆಗೆದ. ಹೆಂಗಸರು ಒಬ್ಬೊಬ್ಬರಾಗಿ, ಏನೂ ಅವಸರವಿಲ್ಲದೆ, ಒಳಗೆ ಹೋಗಿ ಬಂದರು. ಅಷ್ಟು ಹೊತ್ತೂ ಅವನು ಬೀಗ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದ.

ಬೀಗ ಮತ್ತೆ ಬರಲಿಲ್ಲ. ಗಟ್ಟಿಬಾಯಿಯ ಕೋಟೂ ಹೋಯಿತು, ಅವಳು ಮೇಜಿಗೆ ಮರಳಿದಳು. ಹೊರಗಿನಿಂದ ಯಾರನ್ನೋ ಸೂಪರ್‌ವೈಸರ್ ಎಂದು ತಂದರು. ಬೆಂಚಿನಲ್ಲಿ ಉದ್ದಕ್ಕನಿಗೆ ಒಂದು ಜಾಗ ಬಿಟ್ಟರು. ಆದರೆ ಹಳೆಯ ನಗೆ ಬೇಗ ಬರಲಿಲ್ಲ, ಅವಳೂ ಕೇಳಲಿಲ್ಲ.

ಆ ಭಾನುವಾರ ಎಲ್ಲರೂ ಸೇರಿ ಸೋಪಜ್ಜಿಯ ಮನೆಗೆ ಹೋಗಿ, ಬೀಗ ತೆಗೆಸಿದೆವು, ಬಾ ಎಂದರು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. "ಒಳ್ಳೇದಾಯ್ತು" ಎಂದಳು. "ನಾನು ಬರಲ್ಲ. ಆ ನೆಲ ನೋಡೋಕಾಗಲ್ಲ ನನಗೆ." ಆಮೇಲೆ, "ನನ್ನ ಜಾಗದಲ್ಲಿ ಯಾರು ನಿಂತಿದ್ದಾರೆ?" ಎಂದು ಕೇಳಿದಳು.

"ನಾನು" ಎಂದಳು ಉದ್ದಕ್ಕ.

ಅಜ್ಜಿ ಸೊಂಟದಿಂದ ಸೋಪಿನ ತುಂಡು ತೆಗೆದು ಅವಳ ಕೈಗೆ ಹಾಕಿದಳು.

ಮರುದಿನ ಬೆಳಿಗ್ಗೆ ಮೇಜು ಎಂದಿನಂತೆ ನಡೆಯುತ್ತಿತ್ತು. ಗಂಟು ಬೀಳುತ್ತಿತ್ತು, ಕೈ ಓಡುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತಾಯಿತು, ಅಜ್ಜಿ ಹೋಗುತ್ತಿದ್ದ ಹೊತ್ತು. ಯಾರೂ ತಗಡು ತಟ್ಟಲಿಲ್ಲ. ಆದರೂ ಎಡದಿಂದ ಗಟ್ಟಿಬಾಯಿ ಅರ್ಧ ಹೆಜ್ಜೆ ಸರಿದಳು, ಬಲದಿಂದ ಬಸುರಿ ಹೆಂಗಸು ಅರ್ಧ ಹೆಜ್ಜೆ ಸರಿದಳು. ಇಬ್ಬರ ಭುಜವೂ ನಡುವೆ ನಿಂತಿದ್ದ ಉದ್ದಕ್ಕನಿಗೆ ಬಂದು ತಾಗಿತು. ಇಬ್ಬರೂ ಒಂದು ಕ್ಷಣ ಹಾಗೇ ನಿಂತರು. ಆಮೇಲೆ ಹಿಂದಕ್ಕೆ ಸರಿದರು. ಉದ್ದಕ್ಕ ಮುಂದಿದ್ದ ಬಟ್ಟೆಯನ್ನು ಬಿಡಿಸಿ, ಅಂಗೈಯ ಬುಡದಿಂದ ಸವರಿ ಸೂಜಿ ಇಲ್ಲವೆಂದು ನೋಡಿ, ಪಕ್ಕಕ್ಕೆ ಹಾಕಿದಳು.